ಸಮತೂಕದ ಕೊಳೆ

ನಾನು ಸುತ್ತಿದ ಫ್ಯಾನು ಸುಟ್ಟುಹೋದ ದಾಖಲೆ ಈ ಊರಿನಲ್ಲಿಲ್ಲ. ಹದಿನಾಲ್ಕು ವರ್ಷಗಳಲ್ಲಿ ನಾನು ಮೋಟಾರುಗಳಿಗೆ ಸುತ್ತಿದ ತಾಮ್ರದ ತಂತಿಯನ್ನು ಬಿಚ್ಚಿ ಎಳೆದರೆ ಚಂದ್ರನವರೆಗೆ ಹೋಗಿ, ಅಲ್ಲೊಂದು ಗಂಟು ಹಾಕಿ, ವಾಪಸು ಬಂದು, ಮಿಕ್ಕಿದ್ದರಲ್ಲಿ ಓಣಿಯವರ ಬಟ್ಟೆಯನ್ನೆಲ್ಲ ಒಣಗಿಸಬಹುದು. ಎರಡು ಆಸ್ಪತ್ರೆ, ಒಂದು ಕೋರ್ಟು, ಹುಡುಗಿಯರ ಹಾಸ್ಟೆಲ್ಲು, ಎಲ್ಲರೂ ನನ್ನ ಕೈಯ ಗಾಳಿಯಲ್ಲೇ ಬೆವರು ಆರಿಸಿಕೊಳ್ಳುವವರು. ಇಂಥ ನಾನು ಮನೆಗೆ ಬಂದು ಯಾವ ಫ್ಯಾನಿನ ಕೆಳಗೆ ಕೂತು ಉಣ್ಣುತ್ತಿದ್ದೆ ಎಂದು ಹೇಳಿದರೆ ನಿಮಗೆ ವಾಕರಿಕೆ ಬರುತ್ತದೆ. ಬರಲಿ. ನನಗೂ ಬಂದಿದೆ.

ನಮ್ಮ ನಡುಮನೆಯ ಫ್ಯಾನಿನ ರೆಕ್ಕೆಗಳು ಕೊಂಡಾಗ ಕೆನೆ ಬಣ್ಣದವಂತೆ. ಅಮ್ಮ ಹೇಳುತ್ತಾಳೆ, ನಂಬಬೇಕು. ನಮ್ಮ ಅಡುಗೆಮನೆಗೂ ನಡುಮನೆಗೂ ಮಧ್ಯೆ ಬಾಗಿಲಿಲ್ಲ. ಬಾಣಲೆಯ ಜಿಡ್ಡು ಮೊದಲು ಹೋಗಿ ಕೂತಿತು. ಜಿಡ್ಡಿನ ಮೇಲೆ ಬೀದಿಯ ಧೂಳು, ಧೂಳಿನ ಮೇಲೆ ನಮ್ಮೆಲ್ಲರ ತಲೆಗೂದಲು, ಹಾಸಿಗೆಯ ಹತ್ತಿ, ಸೊಳ್ಳೆಗಳ ಮೂರು ತಲೆಮಾರು. ಹನ್ನೊಂದು ವರ್ಷ ಹೀಗೇ. ರೆಕ್ಕೆಯ ಅಂಚಿನಲ್ಲಿ ಹೆಬ್ಬೆರಳು ದಪ್ಪದ ಕರಿ ಪದರ ಮೀಸೆಯ ಹಾಗೆ ಜೋತುಬಿದ್ದಿತ್ತು. ಹಲ್ಲಿ ಅದನ್ನು ದಾಟುವಾಗ ಕೆಸರುಗದ್ದೆಗೆ ಇಳಿದ ಎತ್ತಿನ ಹಾಗೆ ಒಂದೊಂದೇ ಕಾಲು ಕಿತ್ತಿಡುತ್ತಿತ್ತು. ಆ ಫ್ಯಾನಿನ ಕೆಳಗೆ ನಾವು ಯಾರೂ ತಲೆ ಎತ್ತುತ್ತಿರಲಿಲ್ಲ. ಎತ್ತಿದರೆ ಕಣ್ಣಿಗೆ ಬೀಳುತ್ತಿತ್ತು. ಬಾಯಿ ತೆರೆದು ಎತ್ತಿದವನ ಕಥೆ ಬೇಡ.

ಅದನ್ನು ಒರೆಸಕೂಡದೆಂಬುದು ಅಪ್ಪನ ಕಾನೂನು. ಅಪ್ಪ ನಲವತ್ತು ವರ್ಷ ಅಂಗಡಿ ಅಂಗಡಿ ತಿರುಗಿ ತಕ್ಕಡಿ ರಿಪೇರಿ ಮಾಡಿದವನು. ತಕ್ಕಡಿಯ ಮೇಲೆ ನೊಣ ಕೂತರೆ ಮುಳ್ಳು ನೋಡಿ ಅದು ಉಂಡಿದೆಯೋ ಹಸಿದಿದೆಯೋ ಹೇಳುತ್ತಿದ್ದ. ಅವನ ಲೆಕ್ಕದಲ್ಲಿ ಮೂರು ರೆಕ್ಕೆಗಳ ಮೇಲೂ ಕೊಳೆ ಒಂದೇ ಸಮನಾಗಿ ಕೂತು ಫ್ಯಾನಿಗೆ ಸಮತೂಕ ತಂದಿದೆ. ಒರೆಸಿದರೆ ತೂಕ ತಪ್ಪುತ್ತದೆ, ತಪ್ಪಿದರೆ ಅಲುಗುತ್ತದೆ, ಅಲುಗಿದರೆ ಕೊಕ್ಕೆ ಕಿತ್ತುಕೊಂಡು ನಮ್ಮ ನೆತ್ತಿಗೇ. ಇದಕ್ಕೆ ಸಾಕ್ಷಿಯೂ ಇತ್ತು. ಹನ್ನೊಂದು ವರ್ಷದ ಹಿಂದೆ ಅಮ್ಮ ಕುರ್ಚಿ ಹತ್ತಿ ಒಂದು ರೆಕ್ಕೆ ಒರೆಸಿದಳು. ಎರಡನೆಯದಕ್ಕೆ ಕೈ ಹಾಕುವ ಮೊದಲೇ ಬಿದ್ದು ಬಲ ಮಣಿಕಟ್ಟು ಮುರಿದುಕೊಂಡಳು. ಆಮೇಲೆ ಫ್ಯಾನು ಹಾಕಿದರೆ ಕುಡುಕನ ಹಾಗೆ ತೂರಾಡಿತು. ಅಪ್ಪ ಒರೆಸಿದ ರೆಕ್ಕೆಗೆ ಎರಡು ನಾಣ್ಯ ಅಂಟಿಸಿ ತೂರಾಟ ನಿಲ್ಲಿಸಿದ. ಅಂದಿನಿಂದ ಆ ಕೊಳೆ ನಮ್ಮ ಮನೆಯ ಹಿರಿಯ ಸದಸ್ಯ.

ಚಳಿಗಾಲದಲ್ಲಿ ಫ್ಯಾನಿಗೆ ರಜೆ. ಬೇಸಿಗೆಯ ಮೊದಲ ದಿನ ಅಪ್ಪನೇ ಗುಂಡಿ ಒತ್ತಬೇಕು, ನಾವೆಲ್ಲ ಮೂಗಿಗೆ ಬಟ್ಟೆ ಹಿಡಿದು ಹತ್ತು ನಿಮಿಷ ಬೀದಿಯಲ್ಲಿ ನಿಲ್ಲಬೇಕು. ಒಳಗೆ ಬೀಳುವುದೆಲ್ಲ ಬೀಳುತ್ತಿತ್ತು. ಆಮೇಲೆ ಅಮ್ಮ ಗುಡಿಸುತ್ತಿದ್ದಳು. ಒಂದು ಮೊರ ತುಂಬ.

ಈ ಸಲ ಬೀದಿಯಲ್ಲಿ ನಿಂತವರಲ್ಲಿ ಒಂದೂವರೆ ವರ್ಷದ ಕೂಸೂ ಇತ್ತು. ಅಣ್ಣನ ಮಗಳು. ಹುಟ್ಟಿದಾಗ ಮೆತ್ತಗಿದ್ದಳೆಂದು ಬೆಣ್ಣೆ ಅನ್ನುತ್ತೇವೆ. ಅತ್ತಿಗೆ ಅವಳನ್ನು ಎದೆಗೆ ಒತ್ತಿಕೊಂಡು ಕಿಟಕಿಯಲ್ಲಿ ಇಣುಕಿದಳು.

"ಮಾವ, ಒಂದು ಬಟ್ಟೆ ತಗೊಂಡು ಒರೆಸಿಬಿಟ್ರೆ ಈ ಓಟ ಯಾಕೆ?"

"ಒರೆಸೋಕೇನಮ್ಮ, ಯಾರು ಬೇಕಾದ್ರೂ ಒರೆಸ್ತಾರೆ. ಆಮೇಲೆ ತೂಕ ಯಾರು ಕೊಡ್ತಾರೆ?"

"ಮನೇಲೇ ಫ್ಯಾನ್ ಮೆಕ್ಯಾನಿಕ್ ಇದಾನಲ್ಲ."

"ಅವನಾ? ಅವನು ತಂತಿ ಸುತ್ತೋನು. ತೂಕ ಬೇರೆ ವಿದ್ಯೆ."

ಅತ್ತಿಗೆ ನನ್ನ ಕಡೆ ನೋಡಿದಳು. ಊರಿನ ಎದುರು ಹುಲಿಯಾದ ನಾನು ಚಪ್ಪಲಿಯ ಉಂಗುಟ ಸರಿಮಾಡಿಕೊಂಡೆ.

ಅತ್ತಿಗೆ ಬಿಸ್ಕತ್ತು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ತಪಾಸಣೆಯವಳು. ಅಲ್ಲಿ ತಲೆಗೆ ಟೋಪಿ, ಕೈಗೆ ಗವಸು; ಒಂದು ಕೂದಲು ಸಿಕ್ಕರೆ ಇಡೀ ಟ್ರೇ ಕಸಕ್ಕೆ. ಎಂಟು ಗಂಟೆ ಹಾಗೆ ಕೆಲಸ ಮಾಡಿ ಬಂದವಳು ನಮ್ಮ ಫ್ಯಾನಿನ ಕೆಳಗೆ ತಟ್ಟೆ ಹಿಡಿದು ಕೂರಬೇಕಿತ್ತು. ನಾಲ್ಕು ವರ್ಷ ಕೂತಳು. ಎಡಗೈಯನ್ನು ತಟ್ಟೆಯ ಮೇಲೆ ಕೊಡೆಯ ಹಾಗೆ ಹಿಡಿದು ಬಲಗೈಯಲ್ಲಿ ಉಣ್ಣುತ್ತಿದ್ದಳು. ನಮಗೆ ಅದು ತಮಾಷೆ.

ಮೂರನೇ ದಿನ ಬೆಣ್ಣೆಗೆ ಕೆಮ್ಮು ಹತ್ತಿತು. ವಾರದ ಕೊನೆಗೆ ಎದೆಯಲ್ಲಿ ಸೀಟಿ. ಡಾಕ್ಟರಮ್ಮ ಕಿವಿಗೆ ಕೊಳವೆ ಹಚ್ಚಿ ಕೇಳಿ, "ಮಗು ಎಲ್ಲಿ ಮಲಗುತ್ತೆ, ಮೇಲೇನಿದೆ?" ಅಂದಳಂತೆ. ಅತ್ತಿಗೆ ಹೇಳಿದಳಂತೆ. ಡಾಕ್ಟರಮ್ಮ ಕೊಳವೆ ಮಡಿಚಿ, "ಔಷಧಿ ಬರ್ಕೊಡ್ತೀನಿ, ಅದಕ್ಕಿಂತ ಮೊದಲು ಒಂದು ಬಕೆಟ್ ನೀರು ತಗೊಳ್ಳಿ" ಅಂದಳಂತೆ.

ಆ ರಾತ್ರಿಯ ಊಟಕ್ಕೆ ಅನ್ನ, ಬೇಳೆ, ಬೇಯಿಸಿದ ಮೊಟ್ಟೆ. ಅಣ್ಣ ಎರಡನೇ ಸಲ ಬೇಳೆ ಹಾಕಿಸಿಕೊಂಡಿದ್ದ. ಆಗ ಮೇಲಿಂದ ಕೊಳೆಯ ಉಂಡೆ ಒಂದು ಬಂತು. ಹತ್ತಿಯಷ್ಟು ಹಗುರಾಗಿ, ಅವಸರವಿಲ್ಲದೆ, ಮೂರು ಸುತ್ತು ಹಾಕಿ, ಬೇಳೆಯ ಪಾತ್ರೆಯ ನಡುವೆ ಇಳಿಯಿತು. ಇಲಿಮರಿಯಷ್ಟು ದಪ್ಪ. ಅದರಿಂದ ಉದ್ದನೆಯ ಒಂದು ಕೂದಲು ಹೊರಗೆ ಚಾಚಿತ್ತು. ಅಮ್ಮ ಚಮಚದಲ್ಲಿ ಎತ್ತಿ, ಅಂಚಿಗೆ ತಟ್ಟಿ, ಮತ್ತೆ ಬಡಿಸಲು ಹೋದಳು.

"ಅತ್ತೆ, ಅದನ್ನ ಚೆಲ್ಲಿ."

"ಮೇಲಿಂದು ತೆಗೆದಾಯ್ತಲ್ಲಮ್ಮ."

"ನಾನು ತಿನ್ನಲ್ಲ. ಬೆಣ್ಣೆಗೂ ಹಾಕಲ್ಲ." ಅತ್ತಿಗೆ ತಟ್ಟೆ ದೂಡಿದಳು. "ನೀವು ಹೇಳ್ರೀ, ನಿಮ್ಮಪ್ಪನಿಗೆ."

ಅಣ್ಣ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಇಡೀ ದಿನ ಬೇರೆಯವರಿಗೆ, ಈಗ ಕಾಣುತ್ತಾ, ಈಗ ಕಾಣುತ್ತಾ ಎಂದು ಕೇಳುವವನು. ಬೇಳೆಯನ್ನೇ ನೋಡುತ್ತಿದ್ದ.

"ಅಪ್ಪ ಏನಂತಾರೋ ನೋಡೋಣ."

"ಅಪ್ಪ ಏನೂ ಅನ್ನಲ್ಲ. ಅಪ್ಪ ಊಟ ಮಾಡ್ತಿದಾನೆ," ಅಂದ ಅಪ್ಪ.

"ಮಗೂಗೆ ಉಸಿರು ಕಟ್ತಿದೆ ಮಾವ."

"ಹಲ್ಲು ಬರೋವಾಗ ಹಂಗೇ ಆಗುತ್ತೆ."

"ಹಲ್ಲು ಎದೇಲಿ ಬರುತ್ತಾ?"

ನನಗೆ ನಗು ಬಂತು. ಅಪ್ಪ ನನ್ನನ್ನು ನೋಡಿದ, ಹೋಯಿತು. ಬೇಳೆ ಬೇರೆ ಪಾತ್ರೆಗೆ ಹೋಯಿತು, ಪಾತ್ರೆ ಕಪಾಟಿಗೆ. ಮರುದಿನ ಬೆಳಗ್ಗೆ ಅಪ್ಪ ಅದನ್ನೇ ಬ್ರೆಡ್ಡಿಗೆ ಹಚ್ಚಿಕೊಂಡು ತಿಂದ, ಎಲ್ಲರಿಗೂ ಕಾಣುವ ಹಾಗೆ ಅಗಿದು.

ಮೂರನೇ ವಾರ ಸೆಕೆ ಏರಿತು. ರೆಗ್ಯುಲೇಟರು ಐದರಲ್ಲಿದ್ದರೂ ನಮಗೆ ಗಾಳಿ ಎಂಬುದು ದೂರದ ನೆಂಟರ ಸುದ್ದಿಯ ಹಾಗೆ ಯಾವಾಗಲೋ ಬರುತ್ತಿತ್ತು. ಅಪ್ಪ ಕಿಟಕಿಗಳನ್ನು ಮುಚ್ಚಿಸಿದ. ತೆರೆದರೆ ಫ್ಯಾನಿನ ಗಾಳಿ ಆಚೆ ಸೋರಿಹೋಗುತ್ತದಂತೆ. ಅಮ್ಮನದು ಇನ್ನೊಂದು ಬಗೆ. ಅಪ್ಪ ಸಂಜೆಯ ನಡಿಗೆ ಮುಗಿಸಿ ಬರುವ ಒಂದು ಗಂಟೆ ಮೊದಲೇ ಖಾಲಿ ನಡುಮನೆಯಲ್ಲಿ ಫ್ಯಾನು ಹಾಕಿಡುತ್ತಿದ್ದಳು, ಮನೆ ತಣ್ಣಗಾಗಲಿ ಎಂದು.

"ಅಮ್ಮ, ಫ್ಯಾನು ಮನೇನ ತಣ್ಣಗೆ ಮಾಡಲ್ಲ. ಮನುಷ್ಯನ್ನ ಮಾಡುತ್ತೆ. ಮೈ ಮೇಲಿನ ಬೆವರು ಆರುತ್ತಲ್ಲ, ಅಷ್ಟೇ ತಂಪು. ಗೋಡೆಗೆ ಬೆವರು ಬರುತ್ತಾ?"

"ನಿಮ್ಮಪ್ಪನಿಗೆ ಬರುತ್ತೆ."

"ಅಪ್ಪ ಬಂದ ಮೇಲೆ ಹಾಕು. ಎದ್ದು ಹೋದಾಗ ಆರಿಸು. ಸಂಜೆ ಕಿಟಕಿ ತೆಗಿ. ಇಷ್ಟೇ ವಿದ್ಯೆ."

"ಇಷ್ಟು ಗೊತ್ತಿರೋನು ಆ ರೆಕ್ಕೆ ಒರೆಸೋ ವಿಷಯ ಯಾಕೆ ಮಾತಾಡಲ್ಲ?" ಅಂದಳು ಅತ್ತಿಗೆ, ಮಗುವಿನ ಬೆನ್ನು ತಟ್ಟುತ್ತ. "ಕೊಳೆ ಇದ್ರೆ ಗಾಳಿ ಕಮ್ಮಿ ಬರುತ್ತೋ ಇಲ್ವೋ?"

"ಬರುತ್ತೆ. ಅಂದ್ರೆ, ಕಮ್ಮಿ ಬರುತ್ತೆ. ಅಂಚು ದಪ್ಪ ಆದ್ರೆ ಗಾಳಿ ಕೊಯ್ಯಲ್ಲ, ಕರೆಂಟು ಮಾತ್ರ ಅಷ್ಟೇ ತಿನ್ನುತ್ತೆ."

"ಇದನ್ನ ಮಾವನ ಮುಂದೆ ಹೇಳು."

"ಹೇಳ್ತೀನಿ. ಸಮಯ ನೋಡ್ಕೊಂಡು."

"ನೀನು ನಿಮ್ಮಣ್ಣನಿಗಿಂತ ಹೊಲಸು," ಅಂದಳು. "ಅವರಿಗೆ ಗೊತ್ತಿಲ್ಲ. ನಿನಗೆ ಗೊತ್ತು."

ಹುಡುಗಿಯರ ಹಾಸ್ಟೆಲ್ಲಿನ ಅರವತ್ತು ಫ್ಯಾನುಗಳನ್ನು ಒಂದೇ ಭಾನುವಾರ ಬಿಚ್ಚಿ, ತೊಳೆದು, ಕಟ್ಟಿಕೊಟ್ಟವನಿಗೆ ಈ ಮಾತು.

ನಾಲ್ಕನೇ ವಾರ ಒಂದು ಮಧ್ಯಾಹ್ನ ಬೆಣ್ಣೆಯ ತುಟಿ ನೀಲಿಗಟ್ಟಿತು. ಅತ್ತಿಗೆ ಕೆಲಸದಲ್ಲಿದ್ದಳು. ಅಮ್ಮ ಮಗುವನ್ನು ಎತ್ತಿಕೊಂಡು ಬರಿಗಾಲಲ್ಲಿ ಓಡಿದಳು. ಔಷಧಿಯನ್ನು ಆವಿ ಮಾಡಿ ಮೂಗಿಗೆ ಬಿಡುವ ಡಾಕ್ಟರಮ್ಮನ ಹೊಗೆಯಂತ್ರದ ಮುಂದೆ ಎರಡು ಗಂಟೆ ಕೂರಿಸಿದ ಮೇಲೆ ಮಗು ಅತ್ತಿತು. ಅಳುವುದಕ್ಕೆ ಉಸಿರು ಸಿಕ್ಕಿತಲ್ಲ ಎಂದು ಎಲ್ಲರಿಗೂ ಸಮಾಧಾನ.

ಸಂಜೆ ಅತ್ತಿಗೆ ಕಾರ್ಖಾನೆಯ ಟೋಪಿಯನ್ನೂ ತೆಗೆಯದೆ ನಡುಮನೆಯಲ್ಲಿ ನಿಂತಳು. ಕೂಗಲಿಲ್ಲ.

"ಭಾನುವಾರದ ಹೊತ್ತಿಗೆ ಇದು ಒರೆಸಿರಬೇಕು. ಇಲ್ಲಾಂದ್ರೆ ನಾನು ಮಗೂನ ಕರ್ಕೊಂಡು ಹೋಗ್ತೀನಿ. ಕಾರ್ಖಾನೆ ಹಿಂದೆ ಒಂದು ರೂಮು ನೋಡಿದೀನಿ."

"ಹೆದರಿಸ್ತೀಯಾ?" ಅಂದ ಅಪ್ಪ.

"ಇಲ್ಲ ಮಾವ. ಹೇಳ್ತಿದೀನಿ."

"ಬಿದ್ರೆ? ನಾಳೆ ಅದು ಅಲುಗಾಡಿ ಮಗು ಮೇಲೇ ಬಿದ್ರೆ ಯಾರು ಹೊಣೆ? ಈ ಮನೇಲಿ ಒಬ್ಬಳು ಒರೆಸೋಕೆ ಹೋಗಿ ಕೈ ಮುರ್ಕೊಂಡಿದ್ದು ಸಾಲದಾ?"

ಅಮ್ಮ ಎಲೆಕೋಸು ಹೆಚ್ಚುತ್ತಿದ್ದಳು. ಆ ಮಣಿಕಟ್ಟು ಇವತ್ತಿಗೂ ಸೊಟ್ಟಗೇ ಇದೆ, ಚಾಕು ಓರೆಯಾಗಿ ಇಳಿಯುತ್ತದೆ. ಅವಳು ಚಾಕು ಕೆಳಗಿಟ್ಟಳು.

"ನನ್ನ ಕೈ ತೂಕದಿಂದ ಮುರೀಲಿಲ್ಲ."

"ಏನು?"

"ನೀವು ಕುರ್ಚಿ ಹಿಡ್ಕೊಂಡಿದ್ರಿ. ರಸ್ತೇಲಿ ಯಾರೋ ತಕ್ಕಡಿ ಹೊತ್ಕೊಂಡು ಹೋದ. ಮುಳ್ಳು ಸೊಟ್ಟ ಇದೆ ಅಂತ ಕೂಗ್ತಾ ಕೈ ಬಿಟ್ಟು ಓಡಿದ್ರಿ. ನಾನು ಬಿದ್ದೆ. ಬಂದು ನೋಡಿ, ಫ್ಯಾನು ತೂರಾಡಿದ್ದಕ್ಕೆ ತೂಕ ತೂಕ ಅಂತ ಶುರು ಮಾಡಿದ್ರಿ. ಹನ್ನೊಂದು ವರ್ಷ ಕೇಳಿಸ್ಕೊಂಡೆ. ಒಂದು ರೆಕ್ಕೆ ಒರೆಸಿ ಎರಡು ಬಿಟ್ರೆ ಯಾವ ಫ್ಯಾನು ನೆಟ್ಟಗೆ ತಿರುಗುತ್ತೆ? ಕೇಳಿ, ಮಗ ಇದಾನಲ್ಲ, ಕೇಳಿ."

ಎಲ್ಲರೂ ನನ್ನ ಕಡೆ ತಿರುಗಿದರು.

"ಮೂರೂ ಒರೆಸಿದ್ರೆ ಏನೂ ಆಗಲ್ಲ," ಅಂದೆ.

ಹದಿನಾಲ್ಕು ವರ್ಷದಲ್ಲಿ ನಾನು ಆ ಮನೆಗೆ ಮಾಡಿದ ರಿಪೇರಿ ಅಷ್ಟೇ, ನಾಲ್ಕು ಪದ. ಅಪ್ಪ ಎದ್ದು ಹೊರಗೆ ಹೋದ. ಶನಿವಾರದವರೆಗೆ ನಡುಮನೆಯಲ್ಲಿ ಉಣ್ಣಲಿಲ್ಲ. ಅಣ್ಣ ಹೆಂಡತಿಯ ಹತ್ತಿರ ಹೋಗಿ, "ಇನ್ನೊಂದು ವಾರ ತಡಿ," ಅಂದ. ಅವಳು ಬ್ಯಾಗು ಹೊರತೆಗೆದು ಮಗುವಿನ ಬಟ್ಟೆ ಮಡಿಸುತ್ತಿದ್ದಳು.

ಭಾನುವಾರ ಬೆಳಗ್ಗೆ ಅಮ್ಮನೇ ಕುರ್ಚಿ ಎಳೆದು ಹತ್ತಿದಳು. "ಹಿಡ್ಕೊಳ್ಳಿ," ಅಂದಳು ಅಪ್ಪನಿಗೆ. ಅಪ್ಪ ಬಂದು ಹಿಡಿದುಕೊಂಡ. ಒಂದೇ ಷರತ್ತು ಹಾಕಿದ: ಒಂದೊಂದು ರೆಕ್ಕೆಯದು ಒಂದೊಂದು ಪೇಪರಿನಲ್ಲಿ ಬೇರೆ ಬೇರೆ ಬೀಳಬೇಕು, ಅವನು ತೂಗುತ್ತಾನೆ.

ಬಟ್ಟೆಗೆ ಅದು ಜಗ್ಗಲಿಲ್ಲ. ಬ್ರೆಡ್ಡು ಕೊಯ್ಯುವ ಚಾಕು ತಂದೆವು. ಟಾರು ರಸ್ತೆ ಕೆತ್ತಿದ ಹಾಗೆ ಚಕ್ಕೆಚಕ್ಕೆಯಾಗಿ ಬಂತು. ಅಪ್ಪ ಅಂಟಿಸಿದ್ದ ಎರಡು ನಾಣ್ಯಗಳೂ ಕಿತ್ತು ಬಂದವು. ಒಳಗಿನ ಪದರ ಹಳದಿ, ಅದರ ಕೆಳಗಿನದು ಹಸಿರು. ಕೊಳೆತ ಎಣ್ಣೆಯ ವಾಸನೆ ಮೂಗಿನಲ್ಲಿ ಹೊಕ್ಕು ನಾಲಿಗೆಯ ಮೇಲೆ ಕೂತಿತು. ಒಂದು ಚಕ್ಕೆಯಲ್ಲಿ ಬೆಣ್ಣೆಯ ಬಾಣಂತನದ ಹತ್ತಿಯ ತುಣುಕು, ಇನ್ನೊಂದರಲ್ಲಿ ನನ್ನದೇ ಕೂದಲು, ತಲೆಯಲ್ಲಿ ಕೂದಲಿದ್ದ ಕಾಲದ್ದು. ಅಣ್ಣ ಬಚ್ಚಲಿಗೆ ಓಡಿದ. ಬಕೆಟ್ಟಿನ ನೀರು ಒಂದೇ ಸಲಕ್ಕೆ ಚರಂಡಿಯಾಯಿತು. ಏಳು ಬಕೆಟ್ಟು ಬದಲಿಸಿದೆ, ಎಪ್ಪತ್ತು ಅಂತ ಹೇಳಿಕೊಂಡಿದ್ದೇನೆ.

ಮೋಟಾರಿನ ಹೊಟ್ಟೆಯನ್ನು ಉಜ್ಜುತ್ತಿದ್ದ ಅಮ್ಮ ನಿಂತಳು. "ಇಲ್ಲೇನೋ ಒಂದು ಗುಂಡಿ ಇದೆ ಕಣೋ. ಕಡಲೆಕಾಳಿನ ಹಾಗೆ."

ನಾನು ಆ ಮನೆಯಲ್ಲಿ ಮೊದಲ ಸಲ ತಲೆ ಎತ್ತಿ ಮೆಕ್ಯಾನಿಕ್ಕಿನ ಕಣ್ಣಲ್ಲಿ ಫ್ಯಾನನ್ನು ನೋಡಿದೆ. ನೋಡಬಾರದಿತ್ತು.

"ಏನದು?" ಅಂದಳು ಅತ್ತಿಗೆ.

"ದಿಕ್ಕು ಬದಲಿಸೋ ಗುಂಡಿ."

"ಯಾತರ ದಿಕ್ಕು?"

"ರೆಕ್ಕೆ ತಿರುಗೋದು. ಒಂದು ಕಡೆ ಹಾಕಿದ್ರೆ ಗಾಳಿ ಕೆಳಗೆ ಬರುತ್ತೆ, ಬೇಸಿಗೆಗೆ. ಇನ್ನೊಂದು ಕಡೆ ಹಾಕಿದ್ರೆ ಮೇಲಕ್ಕೆ ಹೋಗುತ್ತೆ. ಚಳೀಲಿ ಹಂಗೆ ನಿಧಾನಕ್ಕೆ ಓಡಿಸಿದ್ರೆ ಸೂರಿನ ಹತ್ರ ನಿಂತಿರೋ ಬಿಸಿ ಗೋಡೆ ಹಿಡ್ಕೊಂಡು ಕೆಳಗೆ ಇಳಿಯುತ್ತೆ, ಮೈಗೆ ಗಾಳಿ ಹೊಡೆಯಲ್ಲ."

"ಈಗ ಯಾವ ಕಡೆ ಇದೆ?"

ನಾನು ಬಕೆಟ್ಟು ಎತ್ತಿಕೊಂಡೆ. ಅವಳು ಮತ್ತೆ ಕೇಳಿದಳು.

"ಚಳಿಗಾಲದ ಕಡೆ," ಅಂದೆ. "ಅಮ್ಮ ಬಿದ್ದಳಲ್ಲ, ಅವತ್ತು ಅವಳ ಬಟ್ಟೆ ತಗುಲಿ ಆಗಿರಬೇಕು."

ಅತ್ತಿಗೆ ಒಂದು ಕ್ಷಣ ಲೆಕ್ಕ ಹಾಕಿದಳು. "ಅಂದ್ರೆ ಹನ್ನೊಂದು ವರ್ಷ ಚಳೀಲಿ ಆರಿಸಿಟ್ಟು, ಬೇಸಿಗೇಲಿ ಚಳಿಗಾಲಕ್ಕೆ ಓಡಿಸಿದೀರ. ಮೆಕ್ಯಾನಿಕ್ ಕೆಳಗೆ ಕೂತು ಉಂಡಿದಾನೆ."

ಅಪ್ಪ ಆ ಹೊತ್ತಿಗೆ ತಕ್ಕಡಿ ತೂಗುಹಾಕಿ ಮೂರು ಪೊಟ್ಟಣಗಳನ್ನು ಸಾಲಾಗಿ ಇಟ್ಟುಕೊಂಡಿದ್ದ. ಮೊದಲನೆಯದು ಐವತ್ತೆಂಟು ಗ್ರಾಂ. ಎರಡನೆಯದು ಎಂಬತ್ತೊಂದು. ಮೂರನೆಯದು ಅರವತ್ತಾರು. ಮುಳ್ಳು ಒರೆಸಿ ಮತ್ತೆ ತೂಗಿದ. ಅದೇ ಬಂತು.

"ಸಮ ಬಂತಾ ಮಾವ?"

ಅಪ್ಪ ಪೊಟ್ಟಣಗಳ ಬಾಯಿ ಮಡಿಸುತ್ತ ಕೂತ, ಯಾರೋ ಬಂದು ಕೊಳ್ಳುತ್ತಾರೇನೋ ಎಂಬಷ್ಟು ನೀಟಾಗಿ.

ಅತ್ತಿಗೆ ಒಳಗೆ ಹೋಗಿ ಬ್ಯಾಗು ತಂದಳು. ಅಣ್ಣ ಬಚ್ಚಲ ಬಾಗಿಲಲ್ಲಿ ಮುಖ ಒರೆಸುತ್ತ ನಿಂತಿದ್ದ.

"ಒರೆಸಿ ಆಯ್ತಲ್ಲ, ಇನ್ಯಾಕೆ ಹೋಗ್ತೀಯ?"

"ಒರೆಸೋಕೆ ಎಷ್ಟು ಹೊತ್ತಾಯ್ತು?"

"ಒಂದು ಗಂಟೆ ಆಗಿರಬೇಕು."

"ಈ ಒಂದು ಗಂಟೆ ಸಿಗೋದಕ್ಕೆ ನನ್ನ ಮಗಳು ಮೂರು ವಾರ ಸೀಟಿ ಊದಿದಾಳೆ. ನನಗೆ ಈಗ ಫ್ಯಾನು ನೋಡಿ ಅಸಹ್ಯ ಆಗ್ತಿಲ್ಲ ಕಣ್ರೀ."

ಹೋದಳು.

ಅವಳ ರೂಮಿಗೆ ಫ್ಯಾನು ಕಟ್ಟಿಕೊಟ್ಟವನು ನಾನೇ. ನೆಲದಿಂದ ಸರಿಯಾದ ಎತ್ತರ, ಎದುರುಬದುರು ಕಿಟಕಿ, ರಾಜನ ಅರಮನೆಯಲ್ಲೂ ಅಂಥ ಗಾಳಿ ಇರಲಿಕ್ಕಿಲ್ಲ. ಅಣ್ಣ ಅಲ್ಲೂ ಉಣ್ಣುತ್ತಿದ್ದ, ಇಲ್ಲೂ ಉಣ್ಣುತ್ತಿದ್ದ, ಎರಡೂ ಕಡೆ ತೆಪ್ಪಗಿದ್ದು ದಪ್ಪಗಾದ. ಬೆಣ್ಣೆ ಒಂದು ತಿಂಗಳಿಗೆ ಔಷಧಿ ಬಿಟ್ಟಳು. ಎರಡನೇ ತಿಂಗಳು ಅಪ್ಪ ನನ್ನ ಕೈಲಿ ಹೇಳಿಕಳಿಸಿದ, ಫ್ಯಾನು ಚೆನ್ನಾಗಿದೆ, ಬರಲಿ ಎಂದು.

ಅತ್ತಿಗೆ ಮಗುವಿನ ತಲೆ ಬಾಚುತ್ತಿದ್ದಳು. "ಒಂದು ಸಲ ಒರೆಸೋದು ಯಾರಾದ್ರೂ ಮಾಡ್ತಾರೆ. ನಾನಿಲ್ಲದೇ ಇರೋವಾಗ, ಯಾರೂ ಬೈಯದೇ ಇರೋವಾಗ ಒರೆಸ್ತಾರಾ, ಅದನ್ನ ನೋಡ್ಬೇಕು."

ಹಾಗೆಯೇ ಅಪ್ಪನಿಗೆ ಒಪ್ಪಿಸಿದೆ. ಮುಂದಿನ ತಿಂಗಳ ಮೊದಲ ಭಾನುವಾರ ಕುರ್ಚಿ ಎಳೆಯುವ ಸದ್ದು ಕೇಳಿತು. ಹಳೆಯ ದಿಂಬಿನ ಚೀಲವನ್ನು ರೆಕ್ಕೆಗೆ ತೊಡಿಸಿ ಎಳೆದರೆ ಕೊಳೆಯೆಲ್ಲ ಚೀಲದೊಳಗೇ ಉಳಿಯುತ್ತದೆ ಎಂದು ನಾನು ತೋರಿಸಿಕೊಟ್ಟೆ. ಅಪ್ಪ ಹತ್ತಿದ, ಅಮ್ಮ ಕುರ್ಚಿ ಹಿಡಿದಳು. ಅಲ್ಲಿಂದ ಪ್ರತಿ ತಿಂಗಳ ಮೊದಲ ಭಾನುವಾರವೂ ಹೀಗೇ. ಗುಂಡಿ ಬೇಸಿಗೆಯ ಕಡೆಗೆ ಬಂದ ಮೇಲೆ ಎರಡರಲ್ಲಿ ಇಟ್ಟರೂ ತಟ್ಟೆಯ ಅನ್ನ ಆರುತ್ತಿತ್ತು. ಖಾಲಿ ಮನೆಗೆ ಗಾಳಿ ಹಾಕುವುದನ್ನು ಅಮ್ಮ ನಿಲ್ಲಿಸಿದಳು. ಚಳಿ ಶುರುವಾದ ದಿನ ಅಪ್ಪನೇ ಮರದ ಅಳತೆಪಟ್ಟಿಯಿಂದ ಗುಂಡಿ ಸರಿಸಿ, ಒಂದರಲ್ಲಿ ಇಟ್ಟು, ಕೆಳಗೆ ನಿಂತು ಅಂಗೈ ಒಡ್ಡಿ ನೋಡಿದ. ನಡುಮನೆ ಅಷ್ಟು ಬೆಚ್ಚಗೆ ಯಾವತ್ತೂ ಇರಲಿಲ್ಲ. ಅದನ್ನು ಹೇಳಿಕೊಳ್ಳಲು ಅಲ್ಲಿ ಮಗುವೂ ಇರಲಿಲ್ಲ.

ಆ ಚಳಿಯಲ್ಲೇ ಒಂದು ಮಧ್ಯಾಹ್ನ ನಾವು ಉಣ್ಣಲು ಕೂತಾಗ ಅತ್ತಿಗೆ ಬೆಣ್ಣೆಯನ್ನು ಎತ್ತಿಕೊಂಡು ಬಂದಳು. ಹೇಳಿ ಕಳಿಸಿರಲಿಲ್ಲ. ಅವತ್ತು ತಿಂಗಳ ಇಪ್ಪತ್ತೆಂಟನೇ ತಾರೀಖು. ನಾವು ನೋಡಿದ ಹಾಗೆ ಒರೆಸಿ ಮೂರು ವಾರ ದಾಟಿತ್ತು. ಅಪ್ಪನ ಕೈಯ ತುತ್ತು ಕೈಯಲ್ಲೇ ನಿಂತಿತು.

ಅವಳು ಮಗುವನ್ನು ಅಮ್ಮನ ತೊಡೆಗೆ ಕೊಟ್ಟಳು. ಫ್ಯಾನು ಆರಿಸಿದಳು. ಕುರ್ಚಿ ಎಳೆದು ಹತ್ತಿದಳು. ಅಣ್ಣ ತಟ್ಟೆ ಬಿಟ್ಟು ಎದ್ದು ಕುರ್ಚಿ ಹಿಡಿದ. ಅವನು ಜನ್ಮದಲ್ಲಿ ಕೇಳದೆ ಮಾಡಿದ ಕೆಲಸ ಅದೊಂದೇ. ಅವಳು ಒಂದು ರೆಕ್ಕೆಯ ಮೇಲ್ಭಾಗದಲ್ಲಿ ಈ ತುದಿಯಿಂದ ಆ ತುದಿಗೆ ತೋರುಬೆರಳು ಎಳೆದಳು. ಎರಡನೆಯದರಲ್ಲೂ. ಮೂರನೆಯದರಲ್ಲೂ. ಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಕೆಳಗಿಳಿದು ಅಪ್ಪನ ಹಿಂದೆ ಬಂದು, ಅವನ ಬಿಳಿ ಬನಿಯನ್ನಿನ ಹೆಗಲ ಮೇಲೆ ಆ ಬೆರಳನ್ನು ಒತ್ತಿ ಉದ್ದಕ್ಕೆ ಒರೆಸಿದಳು.

ಅಪ್ಪ ಕತ್ತು ತಿರುಗಿಸಿ ಹೆಗಲು ನೋಡಿಕೊಂಡ. ತುಂಬ ಹೊತ್ತು ನೋಡಿದ. ಬನಿಯನ್ನು ಬಿಳಿಯಾಗಿಯೇ ಇತ್ತು.

ಅವಳು ಅಣ್ಣನ ಪಕ್ಕ ಕೂತು ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡಳು.

"ಬೆಣ್ಣೆಗೆ ಮೊದಲು ಹಾಕಿ ಅತ್ತೆ," ಅಂದಳು. "ಆಮೇಲೆ ನನಗೆ."